ಪೂವತ್ತೆ ಮತ್ತು ಅಳುವ ಸಿನೆಮಾಗಳು

ಮೊನ್ನೆ ಪಕ್ಕದ ಮನೆಯವರು ಗೋಡೆ ಕಟ್ಟಲೆಂದು ಹೊಯ್ಗೆ ತರಿಸಿ ರಾಶಿ ಹಾಕಿ, ಮೇಲೊಂದು ಟರ್ಪಾಲು ಹೊದಿಸಿದ್ದರು. ಸಂಜೆ ಸಣ್ಣ ಮಳೆ ಬಂದು ಹೋದ ಮೇಲೆ ಆ ಕಡೆಯಿಂದ ಗಾಳಿ ಬೀಸಿತು. ಬಿಸಿಲಿಗೆ ಕಾದು ನೆನೆದ ಟರ್ಪಾಲು, ಒದ್ದೆ ಮರಳು ಎರಡೂ ಸೇರಿದ ಆ ವಾಸನೆಗೆ ನಾನು ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟೆ. ನಾನು ಚಿಕ್ಕವಳಿದ್ದಾಗಿನ ಸುಳ್ಯದ ಟೆಂಟ್ ಸಿನೆಮಾದ ವಾಸನೆ ಅದು. ಮಳೆಗಾಲ ಮುಗಿದ ಮೇಲೆ ಬಯಲಿನಲ್ಲಿ ಟೆಂಟ್ ಏಳುತ್ತಿತ್ತು. ನೆಲಕ್ಕೆ ಹೊಯ್ಗೆ ಹಾಸಿ, ನಡುವೆ ಹಗ್ಗ ಕಟ್ಟಿದರೆ ಆಚೆ ಗಂಡಸರು, ಈಚೆ ಹೆಂಗಸರು ಮಕ್ಕಳು. ನೀವೂ ಹಾಗೆ ಕೂತು, ಮುಂದಿನವರ ಮುಡಿಯ ಮಲ್ಲಿಗೆಯ ಸಂದಿನಿಂದ ಇಣುಕಿ, ಯಾರದೋ ಪ್ರೀತಿಗಾಗಿ ಅತ್ತವರಾದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನನ್ನ ಪಕ್ಕದಲ್ಲಿ ಯಾವಾಗಲೂ ಪೂವತ್ತೆ ಕೂರುತ್ತಿದ್ದಳು.

ಪೂವತ್ತೆ ಎಂದರೆ ಅಪ್ಪನ ತಂಗಿ, ಪೂವಮ್ಮ. ಐದಾರು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಪೂರ್ತಿ ಹೋಯಿತಂತೆ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನ ಸಣ್ಣ ಹೋಟೆಲಿತ್ತು, ಅದರ ಹಿಂದೆಯೇ ನಮ್ಮ ಮನೆ. ಇಡ್ಲಿಯ ಹಬೆ, ಹುರಿದ ಮೆಣಸಿನ ಘಾಟು, ಬಸ್ಸುಗಳ ಹಾರ್ನು, ಇವುಗಳ ನಡುವೆ ಅವಳೊಬ್ಬಳು ತನ್ನದೇ ನಿಶ್ಶಬ್ದದಲ್ಲಿ ಕಡೆಯುವ ಕಲ್ಲಿನ ಮುಂದೆ ಕೂತು ಹಿಟ್ಟು ಕಡೆಯುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳ ಕೈಭಾಷೆ ಬರುತ್ತಿತ್ತು. ಸಿನೆಮಾ ನೋಡಿದ ಮರುದಿನ, ಊಟದ ಗಿರಾಕಿಗಳೆಲ್ಲ ಹೋಗಿ ಹೋಟೆಲು ತಣ್ಣಗಾದ ಹೊತ್ತಿಗೆ, ಅಮ್ಮ, ಪೂವತ್ತೆ, ನಾನು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಇಡೀ ಸಿನೆಮಾವನ್ನು ಕೈಗಳಲ್ಲೇ ಇನ್ನೊಮ್ಮೆ ನೋಡುತ್ತಿದ್ದೆವು. ಜಡೆ ಮುಂದಕ್ಕೆ ಹಾಕಿಕೊಂಡರೆ ನಾಯಕಿ, ಹಣೆಯ ಕೂದಲು ತೀಡಿದರೆ ನಾಯಕ. ನಮಗೆ ಅಳು ಬರುತ್ತಿದ್ದದ್ದು ಪಿಟೀಲು ಶುರುವಾದ ಮೇಲೆ. ಪೂವತ್ತೆ ಅದಕ್ಕಿಂತ ಎಷ್ಟೋ ಮೊದಲು ಅತ್ತಿರುತ್ತಿದ್ದಳು. ಒಂದು ಸಿನೆಮಾದಲ್ಲಿ ನಾಯಕ ಬೇರೆಯವಳನ್ನು ಮದುವೆಯಾಗಿ ಬಂದಾಗ ನಾಯಕಿ ನಗುತ್ತಾ ಇಬ್ಬರಿಗೂ ನೀರು ಕೊಡುತ್ತಾಳೆ. ಅಲ್ಲೇನು ಅಳುವಂಥದ್ದು ಎಂದು ಅಮ್ಮ ಕೇಳಿದ್ದಕ್ಕೆ, ಪೂವತ್ತೆ ಲೋಟ ಎತ್ತಿ ತೋರಿಸಿದಳು: ಅವನಿಗೆ ಕೊಡುವಾಗ ಆ ಹುಡುಗಿ ಬೆರಳು ತಾಗದ ಹಾಗೆ ಲೋಟದ ಬುಡ ಹಿಡಿದಿದ್ದಳು. ಇನ್ನೊಂದರಲ್ಲಿ ಇಡೀ ಟೆಂಟೇ ನಾಯಕನ ದುಃಖಕ್ಕೆ ಅಳುತ್ತಿದ್ದರೆ ಇವಳು ಮೂಗು ಮುರಿದಿದ್ದಳು. ಮರುದಿನ ಮುಖ ಮುಚ್ಚಿ ಅತ್ತ ಹಾಗೆ ಮಾಡಿ, ಬೆರಳ ಸಂದಿನಿಂದ ಓರೆಗಣ್ಣಲ್ಲಿ ನೋಡಿ, ಅವನದು ಕಳ್ಳ ಅಳು ಎಂದು ತೋರಿಸಿದಳು. ಅಮ್ಮ ನಕ್ಕು ನಕ್ಕು ಗೋಡೆಗೆ ಒರಗಿ, "ಇವಳಿಗೆ ಒಬ್ಬ ಹೀರೋ ಆದರೂ ಸರಿ ಕಾಣುದಿಲ್ಲವಲ್ಲ ಮಾರಾಯ್ತಿ" ಎಂದಿದ್ದಳು.

ಅವಳ ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಎಲ್ಲರೂ ಸಪ್ಪಗಾಗುತ್ತಿದ್ದರು. ನೋಡಲು ಬಂದವನೊಬ್ಬ, ಅವಳು ಕಾಫಿ ಹಿಡಿದು ಎದುರಿಗೇ ನಿಂತಿರುವಾಗ ಅಪ್ಪನ ಹತ್ತಿರ, "ಬುದ್ಧಿ ಎಲ್ಲ ಸರಿ ಉಂಟಲ್ಲ?" ಎಂದು ಕೇಳಿದ. ಮಾತು ಕೇಳದಿದ್ದರೂ ಅವನ ಮುಖ ಅವಳಿಗೆ ಅರ್ಥವಾಯಿತು. ಆಮೇಲೆ ಯಾರೇ ಬಂದರೂ ಪೂವತ್ತೆ ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದಳು. ಅಪ್ಪ ಬಾಗಿಲು ತಟ್ಟಿ ಪ್ರಯೋಜನವಿರಲಿಲ್ಲ. ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಹೀಗಿರುವಾಗ ಕೋಡಿಂಬಾಳದಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಶೇಷಪ್ಪ. ಕಡಬದಲ್ಲಿ ಸೈಕಲ್ ರಿಪೇರಿಯ ಅಂಗಡಿ, ವಯಸ್ಸು ಮೂವತ್ತು ದಾಟಿತ್ತು. ಅಮ್ಮ ಹೇಳಿದಳು:

"ಈ ಸಲ ಅವರು ಮನೆಗೆ ಬರುದು ಬೇಡ. ಪುತ್ತೂರಿನಲ್ಲಿ ಸಿನೆಮಾಕ್ಕೆ ಬರಲಿ. ನಾವೂ ಹೋಗುವ."

"ಹೆಣ್ಣು ನೋಡ್ಲಿಕ್ಕೆ ಟಾಕೀಸಾ? ಜನ ಎಂತ ಹೇಳಿಯಾರು?" ಎಂದರು ಅಪ್ಪ.

"ಹೇಳುವವರು ಹೇಳಲಿ. ಅವಳಿಗೆ ಹೆದರಿಕೆ ಇಲ್ಲದ ಜಾಗ ಅದೊಂದೇ."

ಒಂದು ಭಾನುವಾರ ಹೋಟೆಲಿಗೆ ಬೀಗ ಹಾಕಿ ಮಧ್ಯಾಹ್ನದ ಆಟಕ್ಕೆ ಪುತ್ತೂರಿಗೆ ಹೋದೆವು. ಪೂವತ್ತೆಗೆ ವಿಷಯ ಗೊತ್ತಿತ್ತು. ಬಸ್ಸಿನಲ್ಲಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಶೇಷಪ್ಪ ಟಾಕೀಸಿನ ಎದುರು ಒಬ್ಬನೇ ನಿಂತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಮಡಚಿದ ಬೈರಾಸು. ಒಳಗೆ ಅಪ್ಪ, ಅವನು, ನಾನು, ಪೂವತ್ತೆ, ಅಮ್ಮ, ಹೀಗೆ ಸಾಲಾಗಿ ಕೂತೆವು. ಪರದೆಯಿಂದ ಕಣ್ಣು ಕದಲಿಸದ ಪೂವತ್ತೆ ಅಂದು ಪರದೆಯನ್ನು ನೋಡಲೇ ಇಲ್ಲ. ಬೆಳಕು ಬಿದ್ದಾಗಲೆಲ್ಲ ನನ್ನ ತಲೆಯ ಮೇಲಿನಿಂದ ಅವನ ಮುಖ ನೋಡುತ್ತಿದ್ದಳು. ಮಧ್ಯಂತರದಲ್ಲಿ ಅವನು ಹುರಿದ ಕಡಲೆಯ ಪೊಟ್ಟಣ ತಂದು ಮೊದಲು ಅವಳಿಗೇ ಚಾಚಿದ. ಬೇರೆಯವರ ಹಾಗೆ ಕಿವಿಯ ಹತ್ತಿರ ಬಂದು ಕಿರುಚಲಿಲ್ಲ. ಹುಬ್ಬು ಎತ್ತಿ, ಬೇಕಾ ಎಂದು ಕೇಳಿದ ಅಷ್ಟೇ.

ಕೊನೆಗೆ ನಾಯಕಿ ಆಸ್ಪತ್ರೆಯ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ನಾಯಕನ ಉಸಿರು ನಿಂತಿತ್ತು. ಸುತ್ತಲೂ ಹೆಂಗಸರು ಮೂಗು ಒರೆಸಿಕೊಳ್ಳುವ ಸದ್ದು. ಅದರ ನಡುವೆ ನನ್ನ ಪಕ್ಕದಲ್ಲೇ ಒಂದು ಬಿಕ್ಕಳಿಕೆ ಕೇಳಿತು. ಶೇಷಪ್ಪ ಅಳುತ್ತಿದ್ದ. ಬೈರಾಸಿನಲ್ಲಿ ಮುಖ ಒತ್ತಿಕೊಂಡರೂ ಹೆಗಲು ಅದುರುತ್ತಿತ್ತು. ಅಪ್ಪ ಮುಜುಗರದಿಂದ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಾ ಕೂತರು. ಪೂವತ್ತೆ ಅವನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಪರದೆಯ ಕಡೆ ತಿರುಗಿ, ತಾನೂ ಅಳಲು ಶುರುಮಾಡಿದಳು.

ಹೊರಗೆ ಬಿಸಿಲಿಗೆ ಬಂದಾಗ ಶೇಷಪ್ಪನ ಕಣ್ಣು ಕೆಂಪಾಗಿತ್ತು. "ನನಗೆ ಸಿನೆಮಾ ನೋಡಿದರೆ ತಡೆಯುದಿಲ್ಲ ಅಣ್ಣ. ಅಂಗಡಿಗೆ ಬರುವವರೆಲ್ಲ ನೆಗಾಡ್ತಾರೆ" ಎಂದ. "ಇರಲಿ ಮಾರಾಯ" ಎಂದು ಅಪ್ಪ ತಂಗಿಯ ಕಡೆ ನೋಡಿದರು. ಪೂವತ್ತೆ ಕಣ್ಣಿನ ಕೆಳಗಿಂದ ಕೆನ್ನೆಯವರೆಗೆ ಬೆರಳೆಳೆದಳು, ಅವನನ್ನು ತೋರಿಸಿದಳು, ತಲೆಯಾಡಿಸಿದಳು. ಇವನು ನಿಜವಾಗಿ ಅತ್ತ, ಆದೀತು ಎಂದು. ಯಾವುದಕ್ಕೂ ಕಣ್ಣೀರು ಹಾಕದ ಅಪ್ಪ ಆ ರಸ್ತೆಯ ಬದಿಯಲ್ಲಿ ನಿಂತು ಕಣ್ಣೊರೆಸಿಕೊಂಡರು.

ಮದುವೆಯಾಗಿ ಅವಳು ಕೋಡಿಂಬಾಳಕ್ಕೆ ಹೋದಳು. ರಜೆಯಲ್ಲಿ ನಾನು ಹೋದರೆ ಮೂವರೂ ಸೇರಿ ಕಡಬದ ಟೆಂಟಿಗೆ ಹೋಗುತ್ತಿದ್ದೆವು. ಶೇಷಪ್ಪ ಮಾವ ಹಗ್ಗದಿಂದ ದೂರ ಕೂರುವವರಲ್ಲ; ಹಗ್ಗಕ್ಕೆ ತಾಗಿ ಕೂತು, ಈಚೆ ಕೂತ ಅತ್ತೆಯ ಮಣಿಕಟ್ಟಿನ ಮೇಲೆ ಆಗಾಗ ಬೆರಳಿನಿಂದ ತಾಳ ಹಾಕುತ್ತಿದ್ದರು. ಅದೆಂತ ಎಂದು ಕೇಳಿದೆ. "ಪದ್ಯ ಬಂತು ಅಂತ ಹೇಳಿದ್ದು. ಇಲ್ಲದಿದ್ರೆ ಇವಳಿಗೆ ಅವರೆಲ್ಲ ಸುಮ್ಮನೆ ಬಾಯಿ ತೆರೆದು ಓಡಿದ ಹಾಗೆ ಕಾಣ್ತದಲ್ಲ" ಎಂದರು. ಮನೆಗೆ ಬಂದ ಮೇಲೆ ಅವರಿಬ್ಬರ ಕೈಗಳ ವಾದ ದಿನಗಟ್ಟಲೆ ನಡೆಯುತ್ತಿತ್ತು. ನಾಯಕಿ ಕಾಯಬೇಕಿತ್ತೇ, ನಾಯಕ ಒಂದು ಮಾತು ಹೇಳಬಾರದಿತ್ತೇ ಎಂದು ಗಂಜಿ ಉಣ್ಣುವಾಗಲೂ ಎಡಗೈಯಲ್ಲೇ ಜಗಳ.

ಎಂಬತ್ತರ ದಶಕ ಮುಗಿಯುವ ಮೊದಲೇ ಮಾವ ಹೋದರು. ಅಂಗಡಿಯಲ್ಲೇ ಎದೆನೋವು ಬಂತಂತೆ. ಟೆಂಟೂ ಎದ್ದುಹೋಯಿತು, ಕೆಲವು ವರ್ಷಗಳಲ್ಲಿ ನಮ್ಮ ಹೋಟೆಲೂ ಮುಚ್ಚಿತು. ಇಂದು ಅಪ್ಪ, ಅಮ್ಮ, ಪೂವತ್ತೆ ಯಾರೂ ಇಲ್ಲ. ಮಾವ ತೀರಿ ಒಂದು ವರ್ಷ ಕಳೆದ ಮೇಲೆ ಒಮ್ಮೆ ಅಮ್ಮ ನನ್ನನ್ನು ಕರೆದುಕೊಂಡು ಕೋಡಿಂಬಾಳಕ್ಕೆ ಹೋಗಿದ್ದಳು. ಪುತ್ತೂರಿಗೆ ಒಳ್ಳೆಯ ಸಿನೆಮಾ ಬಂದಿದೆ, ಹೋಗುವ ಬಾ ಎಂದು ಕೈ ಮಾಡಿ ಕರೆದಳು. ಪೂವತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟು, ಎರಡು ಕೈಗಳನ್ನೂ ಎದುರುಬದುರಾಗಿ ಹಿಡಿದು ಬೆರಳುಗಳನ್ನು ಆಡಿಸಿದಳು, ಇಬ್ಬರು ಮಾತಾಡುವ ಹಾಗೆ. ಆಮೇಲೆ ಬಲಗೈಯನ್ನು ಮಡಿಲಿಗೆ ಬೀಳಲು ಬಿಟ್ಟಳು. ಎಡಗೈಯ ಬೆರಳುಗಳು ಒಂದು ಕ್ಷಣ ಆಡಿ, ನಿಂತುಹೋದವು.

ಅಮ್ಮ ಮತ್ತೆ ಕರೆಯಲಿಲ್ಲ. ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಕಲ್ಲು ಹೆಕ್ಕತೊಡಗಿದಳು. ನಾನೂ ಅವರ ಪಕ್ಕದಲ್ಲಿ ಕೂತೆ.