ತಣ್ಣನೆಯ ತಗಡಿಗೆ ಕೆನ್ನೆ ಕೊಡುವ ಬೆರಳಕ್ಕ

ಗುರುವಾರ, ಬೆಳಗಿನ ಐದು ಗಂಟೆ. ಊರಿನ ಕಾಗೆಗಳು ಇನ್ನೂ ಮಗ್ಗುಲು ಬದಲಿಸಿಲ್ಲ. ಲೀಸಿಗೆ ಕಾರು ಕೊಡುವ ಕಂಪನಿಯೊಂದರ ಹಿಂದಿನ ಶೆಡ್ಡಿನಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬರು ಕಪ್ಪು ಸೆಡಾನ್ ಒಂದರ ಬಾಗಿಲಿಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಒಂದು ಗೇಣು ಸರಿಯುತ್ತಾರೆ, ಮತ್ತೆ ಕೆನ್ನೆ ಒತ್ತುತ್ತಾರೆ. ನೋಡಿದವರು ಇದನ್ನು ಪ್ರೇಮ ಪ್ರಕರಣ ಎಂದುಕೊಳ್ಳಬೇಕು. ಮೂರು ಲೋಕದ ಪ್ರೇಮಿಗಳೆಲ್ಲ ಒಟ್ಟು ಸೇರಿದರೂ ಇಷ್ಟು ಎಚ್ಚರದಿಂದ ಯಾರನ್ನೂ ತಬ್ಬಿರಲಾರರು.

ಆದರೆ ಇದು ಪ್ರೇಮವಲ್ಲ, ಭಯ. ಶೆಡ್ಡಿನ ಬಾಗಿಲು ಗಾಳಿಗೆ ಕಿರ್ರೆಂದರೆ ಸಾಕು, ಅವರ ಜೀವ ಬಾಯಿಗೆ ಬರುತ್ತದೆ. ಯಾರಾದರೂ ನೋಡಿಬಿಟ್ಟರೆ?

ಕಂಪನಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಬೆರಳಕ್ಕ ಎಂದು. ಲೀಸು ಮುಗಿದು ವಾಪಸು ಬಂದ ಕಾರು ಮತ್ತೊಬ್ಬರ ಕೈಗೆ ಹೋಗುವ ಮೊದಲು ಅದರ ಮೈಯನ್ನು ಇಂಚಿಂಚೂ ಮುಟ್ಟಿ, ಹಾಳೆಯ ಕೊನೆಯಲ್ಲಿ ‘ಸರಿ ಇದೆ’ ಎಂದು ಬರೆದು ಸಹಿ ಹಾಕುವುದು ಅವರ ಕೆಲಸ. ದಿನಕ್ಕೆ ಒಂಬತ್ತು ಕಾರು, ಒಂದೊಂದಕ್ಕೆ ನಲವತ್ತು ನಿಮಿಷ, ಹೀಗೆ ಇಪ್ಪತ್ತೆರಡು ವರ್ಷ. ಅವರು ಮುಟ್ಟಿದ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಚಂದ್ರನವರೆಗೆ ಹೋಗಿ, ಅಲ್ಲಿ ಜಾಗ ಸಾಲದೆ ತಿರುಗಿ ಬರುತ್ತದೆ. ಗೆರೆ ಬೀಳಬಾರದೆಂದು ಅವರ ಮೈಮೇಲೆ ಉಂಗುರವಿಲ್ಲ, ಓಲೆಯಿಲ್ಲ. ಮೇಲಂಗಿಗೆ ಗುಂಡಿಯ ಬದಲು ಬೆನ್ನಿಗೆ ಕಟ್ಟುವ ಲಾಡಿ.

ಅವರ ಬೆರಳಿನ ಕೀರ್ತಿ ಸಣ್ಣದಲ್ಲ. ಹಿಂದಿನ ರಾತ್ರಿ ಬಾನೆಟ್ಟಿನ ಮೇಲೆ ಇರುವೆಯೊಂದು ಹಾದುಹೋಗಿದ್ದರೆ, ಅದರ ಆರು ಕಾಲುಗಳಲ್ಲಿ ಯಾವುದು ಕುಂಟುತ್ತಿತ್ತು ಎಂದು ಬೆರಳಕ್ಕ ಹೇಳುತ್ತಿದ್ದರಂತೆ. ಇದನ್ನು ಹೇಳಿದವರು ಕಾರು ತೊಳೆಯುವವರು; ಅವರು ಸುಳ್ಳು ಹೇಳುವುದು ವಾರಕ್ಕೆ ಆರೇ ದಿನ.

ಈ ಬೆರಳು ತಯಾರಾದದ್ದು ಬಟ್ಟೆ ಗಿರಣಿಯಲ್ಲಿ. ಹದಿನೆಂಟನೇ ವಯಸ್ಸಿಗೆ ಬಟ್ಟೆ ಪರೀಕ್ಷೆಯ ಮೇಜಿಗೆ ಸೇರಿದ ಹುಡುಗಿಗೆ, ಅಲ್ಲಿದ್ದ ಹಿರಿಯ ಕೆಲಸದಾಕೆ ಕಣ್ಣಿಗೆ ಬಟ್ಟೆ ಕಟ್ಟಿ ಪಾಠ ಕಲಿಸಿದರಂತೆ. “ದೊಡ್ಡಮ್ಮ ಅಂತಿದ್ವಿ ಅವ್ರನ್ನ. ಕಣ್ಣು ಚೆಂದ ನೋಡುತ್ತೆ, ಬೆರಳು ನಿಜ ನೋಡುತ್ತೆ ಅನ್ನೋರು. ಚಳಿಗೆ ಬೆರಳು ಮರಗಟ್ಟಿದ್ರೆ ಬಟ್ಟೆ ಥಾನನ್ನ ಎತ್ತಿ ಕೆನ್ನೆಗೆ ಉಜ್ಜಿ ನೋಡೋರು. ನಾವೆಲ್ಲ ಬಾಯಿಗೆ ಸೆರಗು ಇಟ್ಕೊಂಡು ನಗ್ತಿದ್ವಿ” ಎನ್ನುತ್ತಾರೆ ಬೆರಳಕ್ಕ. ಗಿರಣಿ ಮುಚ್ಚಿತು. ದೊಡ್ಡಮ್ಮ ತೀರಿಕೊಂಡರು. ಕೆನ್ನೆಯ ವಿದ್ಯೆ ಮಾತ್ರ ಎಲ್ಲೋ ಒಳಗೆ ಮಡಿಸಿಟ್ಟ ಬಟ್ಟೆಯಂತೆ ಉಳಿಯಿತು.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬೆರಳತುದಿಗೆ ಇಳಿಯಿತು. ಮೊದಲು ಜೋಮು, ಆಮೇಲೆ ಏನೂ ಇಲ್ಲ. ಪತಿ ದರ್ಜಿ. ಅವರು ಮನೆಯಲ್ಲಿ ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಕೈಗಿಟ್ಟು ಪರೀಕ್ಷೆ ಮಾಡಿದರು.

“ಇದೇನು ಹೇಳು.”

“ರೇಷ್ಮೆ.”

“ಗೋಣಿಚೀಲ ಕಣೇ.”

ಇಬ್ಬರೂ ನಕ್ಕರು. ಆಮೇಲೆ ದರ್ಜಿ ಎದ್ದು ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯಲು ಏನೂ ಇಲ್ಲದಿದ್ದರೂ ಒಂದು ಗಳಿಗೆ ಕಾಲು ತುಳಿದರು.

ಆ ಸುದ್ದಿಯನ್ನು ಬೆರಳಕ್ಕ ಕಂಪನಿಯಲ್ಲಿ ಹೇಳಲಿಲ್ಲ. ಒಂದು ತಿಂಗಳೊಳಗೆ, ಅವರು ‘ಸರಿ ಇದೆ’ ಎಂದು ಬರೆದ ಸೆಡಾನ್ ಒಂದರ ಟೈರು ಹೆದ್ದಾರಿಯಲ್ಲಿ ಸಿಡಿಯಿತು. ಟೈರಿನ ಒಳಬದಿಯ ಬಿರುಕು ಬೆರಳಿಗೆ ಸಿಕ್ಕಿರಲಿಲ್ಲ. ಕಾರಿನಲ್ಲಿದ್ದವರಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಇವರಿಗೇ. ಅಂದಿನಿಂದ ಎಲ್ಲಿ ಟೈರು ಸಿಡಿದ ಸದ್ದು ಕೇಳಿದರೂ, ಪಕ್ಕದ ಮನೆಯ ಕುಕ್ಕರ್ ಕೂಗಿದರೂ, ಎದೆ ಡವಡವ. ಮರುದಿನವೇ ಎಲ್ಲರಿಗಿಂತ ಎರಡು ಗಂಟೆ ಮೊದಲು ಶೆಡ್ಡಿಗೆ ಬಂದು, ದೊಡ್ಡಮ್ಮನನ್ನು ನೆನೆದು, ಕಾರಿಗೆ ಕೆನ್ನೆ ಕೊಟ್ಟರು. ಟೈರಿನ ಒಳಬದಿಗೆ ನೆಲದ ಮೇಲೆ ಮಲಗಿಯಾದರೂ ಕೆನ್ನೆ ತಾಗಿಸಿದರು. ಮನೆಗೆ ಹೋದಾಗ ಮುಖದ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಬಾಣಲೆಯ ತಳದ ಹಾಗೆ.

“ತಗಡು ತಣ್ಣಗಿರುತ್ತೆ. ಪೆಟ್ಟು ಬಿದ್ದ ಕಡೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ರೆ ಅದು ಅಷ್ಟು ತಣ್ಣಗಿರಲ್ಲ. ಜ್ವರ ಬಂದ ಮಗು ಹಣೆ ಮುಟ್ಟಿದ ಹಾಗೆ. ಕೆನ್ನೆಗೆ ಗೊತ್ತಾಗಿಬಿಡುತ್ತೆ” ಎಂದು ಅವರು ವಿವರಿಸುತ್ತಾರೆ. ಬಣ್ಣದ ದಪ್ಪ ಅಳೆಯುವ ಯಂತ್ರ ಕಂಪನಿಯಲ್ಲಿಲ್ಲವೇ ಎಂದರೆ, ಇದೆ. ಅದನ್ನು ಪ್ರತಿ ಕಾರಿನ ಹನ್ನೆರಡು ಜಾಗಗಳಲ್ಲಿ ಇಟ್ಟು ನೋಡುವುದು ನಿಯಮ. “ಯಂತ್ರ ಪಾಪ ಇಟ್ಟ ಕಡೆ ಹೇಳುತ್ತೆ. ಎಲ್ಲಿ ಇಡಬೇಕು ಅಂತ ಹೇಳಲ್ಲವಲ್ಲ.”

ಸೆಡಾನ್, ವ್ಯಾಗನ್ ಎರಡರಲ್ಲಿ ಯಾವುದು ಕಷ್ಟ ಎಂದರೆ ಅವರ ಉತ್ತರ ಸಿದ್ಧವಾಗಿದೆ. “ಸೆಡಾನು ಬೀಗರ ಹಾಗೆ. ಮೈ ಕಡಿಮೆ, ಜಂಬ ಜಾಸ್ತಿ. ನುಣ್ಣಗೆ ಬಂದು ನುಣ್ಣಗೆ ಹೋಗುತ್ತೆ. ವ್ಯಾಗನ್ನು ಮನೆಯ ಹಿರಿಸೊಸೆ. ಎಲ್ಲ ಅವಳ ಬೆನ್ನಿಗೇ. ಅದಕ್ಕೇ ಪೆಟ್ಟು ತಿಂದಿದ್ರೂ ಹೇಳಲ್ಲ, ಒಳಗೇ ಇಟ್ಕೊಂಡಿರುತ್ತೆ.”

ಈಗ ಆ ಗುರುವಾರಕ್ಕೆ ಮರಳೋಣ. ಕಪ್ಪು ಸೆಡಾನ್ ಮುಗಿದಿದೆ. ಅದರ ಪಕ್ಕದ ಬೂದು ವ್ಯಾಗನ್ನಿನ ಬಾನೆಟ್ಟು, ಬಲಮಗ್ಗುಲು, ಛಾವಣಿ, ಎಡಗಡೆಯ ಬಾಗಿಲುಗಳು, ಹಿಂಬಾಗಿಲು ಮುಗಿದಿವೆ. ಎಡಹಿಂದಿನ ಮೂಲೆಯೊಂದು ಬಾಕಿ. ಆಗ ಶೆಡ್ಡಿನ ಗೋಡೆಯ ಮೇಲೆ ಬೆಳಕು ಹರಿಯುತ್ತದೆ. ಮ್ಯಾನೇಜರ್ ಸ್ಕೂಟರ್ ನಿಲ್ಲಿಸುತ್ತಿದ್ದಾರೆ. ಎಂದೂ ಒಂಬತ್ತಕ್ಕೆ ಮೊದಲು ಮುಖ ತೋರಿಸದ ಮನುಷ್ಯ ಅಂದು ಆರಕ್ಕೇ ಬಂದಿದ್ದಾರೆ.

“ಏನಮ್ಮ, ಸೂರ್ಯನಿಗೆ ನೀವೇ ಕರೆಗಂಟೆ ಒತ್ತೋದಾ? ಹನ್ನೊಂದಕ್ಕೆ ದೊಡ್ಡ ಗಿರಾಕಿ ಬರ್ತಾರೆ. ಇವೆರಡನ್ನೂ ಹೋಲಿಸಿ ನೋಡ್ತಾರಂತೆ. ಎಷ್ಟಾಯ್ತು?”

ಬೆರಳಕ್ಕ ಹಾವು ಕಂಡವರ ಹಾಗೆ ಕಾರಿನಿಂದ ಹಿಂದೆ ಸರಿದಿದ್ದಾರೆ. ಮ್ಯಾನೇಜರ್ ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ಕೆನ್ನೆ ಇಡುವಂತಿಲ್ಲ. ಬೆರಳಕ್ಕ ಬೆರಳನ್ನೇ ಚಾಚಿ, ಆ ಕೊನೆಯ ಮೂಲೆಯ ಮೇಲೆ ಮೇಲಿಂದ ಕೆಳಕ್ಕೆ ಆಡಿಸುತ್ತಾರೆ. ಏನೂ ತಿಳಿಯುವುದಿಲ್ಲ. ಗಾಜು ಮುಟ್ಟಿದರೂ ಅಷ್ಟೇ, ಗರಗಸ ಮುಟ್ಟಿದರೂ ಅಷ್ಟೇ. ಹಾಳೆ ತೆಗೆದು ಬರೆಯುತ್ತಾರೆ: ಸರಿ ಇದೆ.

“ಭೇಷ್” ಎನ್ನುತ್ತಾರೆ ಮ್ಯಾನೇಜರ್.

ಮುಂದಿನ ಐದು ಗಂಟೆ ಮ್ಯಾನೇಜರ್ ಆ ಕಾರುಗಳನ್ನು ಬಿಟ್ಟು ಅಲ್ಲಾಡುವುದಿಲ್ಲ. ಎರಡನ್ನೂ ತೊಳೆಸಿ, ಒರೆಸಿ, ಶೋರೂಮಿನ ಒಳಗೆ ನಿಲ್ಲಿಸುತ್ತಾರೆ. ಬೆರಳಕ್ಕ ಉಳಿದ ಕಾರುಗಳ ನಡುವೆ ಓಡಾಡುತ್ತಲೇ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ ಮಾಡುತ್ತಾರೆ: ಅವರು ಸೆಡಾನನ್ನೇ ಆರಿಸಿಕೊಳ್ಳಲಿ. ಹೋಗಲಿ, ಗಿರಾಕಿಯ ಹೊಟ್ಟೆ ಕೆಟ್ಟು ಬರದೇ ಇರಲಿ.

ಗಿರಾಕಿ ಹನ್ನೊಂದಕ್ಕೆ ಸರಿಯಾಗಿ ಬರುತ್ತಾರೆ. ಗಂಡ, ಹೆಂಡತಿ, ಗಾಲಿಕುರ್ಚಿಯಲ್ಲಿ ಗಂಡನ ತಾಯಿ, ಮತ್ತು ತಾಯಿಯ ಮಡಿಲಲ್ಲಿ ಎಂಟು ತಿಂಗಳ ಅವಳಿ ಮಕ್ಕಳು. ಗಂಡ ಸೆಡಾನಿನ ಪಕ್ಷ, ಹೆಂಡತಿ ವ್ಯಾಗನ್ನಿನ ಪಕ್ಷ. ದೇಶದೇಶಗಳ ನಡುವಿನ ಗಡಿ ತಕರಾರು ಇದರ ಮುಂದೆ ಮಕ್ಕಳಾಟ.

“ಸೆಡಾನ್ ಓಡೋದೇ ಗೊತ್ತಾಗಲ್ಲ ಕಣೇ. ಹಿಂದಿನಿಂದ ಒಂಚೂರು ಸದ್ದು ಬರಲ್ಲ.”

“ಹಿಂದಿನ ಸೀಟಲ್ಲಿ ನಾನಿರ್ತೀನಲ್ಲೋ” ಎನ್ನುತ್ತಾರೆ ತಾಯಿ, “ಸದ್ದು ಬಂದೇ ಬರುತ್ತೆ.”

“ಅತ್ತೆ ಕುರ್ಚಿ, ಮಕ್ಕಳ ತಳ್ಳುಗಾಡಿ, ಇಬ್ಬರ ಚೀಲ. ಇಷ್ಟನ್ನೂ ನಿಮ್ಮ ಸೆಡಾನಿನ ಡಿಕ್ಕಿಗೆ ತುಂಬಿ ತೋರಿಸಿ ನೋಡೋಣ. ಕೊನೆಗೆ ನಿಮ್ಮನ್ನ ಮೇಲೆ ಹಗ್ಗ ಹಾಕಿ ಕಟ್ಟಬೇಕಾಗುತ್ತೆ.”

ಗಂಡ ತಾಯಿಯನ್ನು ಸೋಫಾದ ಮೇಲೆ ಕೂರಿಸಿ ತುಂಬಿ ನೋಡುತ್ತಾರೆ. ಗಾಲಿಕುರ್ಚಿ ಹೋದರೆ ತಳ್ಳುಗಾಡಿ ಹೋಗದು, ತಳ್ಳುಗಾಡಿ ಹೋದರೆ ಮುಚ್ಚಳ ಬೀಳದು. ವ್ಯಾಗನ್ನಿನ ಹಿಂಬಾಗಿಲು ಎತ್ತಿದರೆ ಎಲ್ಲವೂ ಒಳಗೆ ಹೋಗಿ, ಇನ್ನೊಂದು ಸಂಸಾರಕ್ಕೆ ಜಾಗ ಉಳಿಯುತ್ತದೆ. ಗಂಡ ಸೋತ ಕೈ ಎತ್ತುತ್ತಾರೆ. ಮೂರು ವರ್ಷದ ಲೀಸಿನ ಕಾಗದ ಮೇಜಿನ ಮೇಲೆ ಬರುತ್ತದೆ. ಹೆಂಡತಿ ತಾವು ತಂದ ಮಗುವಿನ ಸೀಟನ್ನು ಅಳತೆ ನೋಡಲೆಂದು ವ್ಯಾಗನ್ನಿನಲ್ಲಿಡುತ್ತಾರೆ. ಎಡಗಡೆ, ಹಿಂದೆ. ಬೆರಳಕ್ಕ ನೋಡದೆ ಸಹಿ ಹಾಕಿದ ಆ ಮೂಲೆಗೆ ಒಂದು ಮೊಳ ದೂರ.

ಬೆರಳಕ್ಕ ಒರೆಸುವ ಬಟ್ಟೆ ಹಿಡಿದು ಕಂಬದ ಮರೆಯಲ್ಲಿ ನಿಂತಿದ್ದಾರೆ. “ಆ ಮೂಲೇಲಿ ಏನೂ ಇಲ್ದೇನೂ ಇರಬಹುದಿತ್ತು. ಬಾಯಿ ಬಿಟ್ಟ ಮೇಲೆ ಅಲ್ಲೇನೂ ಇಲ್ದೇ ಇದ್ರೆ ಸುಮ್ಮನೆ ನನ್ನ ಕೆಲಸ ಹೋಗ್ತಿತ್ತು, ಗೇಟಿನ ಹೊರಗೆ ನಿಂತಿರ್ತಿದ್ದೆ. ಇದ್ದು ನಾನು ಬಾಯಿ ಮುಚ್ಕೊಂಡಿದ್ರೆ...” ಎಂದು ಅವರು ಆ ಗಳಿಗೆಯನ್ನು ನೆನೆಯುತ್ತಾರೆ. ಆ ವಾಕ್ಯವನ್ನು ಅವರು ಇಂದಿಗೂ ಮುಗಿಸುವುದಿಲ್ಲ.

ಗಂಡ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಆ ‘ಟಿಕ್’ ಸದ್ದು ಬೆರಳಕ್ಕನಿಗೆ ಟೈರು ಸಿಡಿದಷ್ಟು ಜೋರಾಗಿ ಕೇಳುತ್ತದೆ.

“ಸಾರ್, ಒಂದ್ನಿಮಿಷ. ಬೆಳಿಗ್ಗೆ ನಾನು ಬರೆದಿದ್ದು ಸುಳ್ಳು.”

ಮ್ಯಾನೇಜರ್ ತಿರುಗುತ್ತಾರೆ. “ಏನದು?”

“ಎಡಗಡೆ ಹಿಂದಿನ ಮೂಲೆ ನಾನು ನೋಡಿಲ್ಲ.”

“ಬೆರಳಾಡಿಸಿದ್ದನ್ನ ನಾನೇ ನಿಂತು ನೋಡಿದೆನಲ್ಲಮ್ಮ.”

“ಬೆರಳಿಗೆ ಈಗ ಏನೂ ಗೊತ್ತಾಗಲ್ಲ ಸಾರ್. ಎರಡು ವರ್ಷ ಆಯ್ತು.”

ಮ್ಯಾನೇಜರರ ಮುಖ ಬಿಳಿಚಿದೆ. ಎರಡು ವರ್ಷದಲ್ಲಿ ಹೊರಹೋದ ಐದು ಸಾವಿರ ಕಾರುಗಳೂ ಅವರ ಕಣ್ಣಮುಂದೆ ಒಂದೊಂದಾಗಿ ಪಲ್ಟಿ ಹೊಡೆಯುತ್ತಿರಬೇಕು.

“ಮತ್ತೆ ಇಷ್ಟು ದಿನ ಯಾವುದರಿಂದ ನೋಡಿದ್ರಿ?”

ಬೆರಳಕ್ಕ ವ್ಯಾಗನ್ನಿನ ಹತ್ತಿರ ಹೋಗಿ, ಎಲ್ಲರ ಎದುರಿಗೇ ಮಂಡಿಯೂರಿ, ಹಿಂದಿನ ಬಾಗಿಲು ಮತ್ತು ಹಿಂಗಾಜಿನ ನಡುವಿನ ಆ ಪಟ್ಟಿಗೆ ಕೆನ್ನೆ ಕೊಡುತ್ತಾರೆ.

“ಅಯ್ಯೋ, ಮುದ್ದು ಮಾಡ್ತಿದ್ದಾಳಲ್ಲೋ” ಎಂದು ಗಾಲಿಕುರ್ಚಿಯ ತಾಯಿ ಮಗನಿಗೆ ಪಿಸುಗುಡುತ್ತಾರೆ.

ಮೇಲ್ಗಡೆ ತಣ್ಣಗಿದೆ. ಒಂದು ಗೇಣು ಕೆಳಗೂ ತಣ್ಣಗಿದೆ. ಇನ್ನೊಂದು ಗೇಣು ಕೆಳಗೆ, ಅಂಗೈಯಗಲ, ಜ್ವರ.

“ಯಂತ್ರ ಇಲ್ಲಿಡಿ ಸಾರ್.”

ಮ್ಯಾನೇಜರ್ ಇಡುತ್ತಾರೆ. ಬೇರೆ ಕಡೆಯೆಲ್ಲ ಬಣ್ಣದ ದಪ್ಪ ನೂರಿಪ್ಪತ್ತು ಮೈಕ್ರಾನ್ ಎಂದು ತೋರಿಸಿದ ಯಂತ್ರ ಇಲ್ಲಿ ಒಂಬೈನೂರು ದಾಟುತ್ತದೆ. ಮೆಕ್ಯಾನಿಕ್ ಬಂದು ಒಳಗಿನ ಹೊದಿಕೆ ಬಿಚ್ಚುತ್ತಾರೆ. ಕಾರಿನ ಛಾವಣಿಯನ್ನು ಹೊತ್ತ ಹಿಂಗಂಬ ಎಂದೋ ಮುರಿದಿದೆ. ಯಾರೋ ಅದನ್ನು ಒರಟಾಗಿ ಬೆಸುಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದಾರೆ. ಕಾರು ಹಿಂದಿರುಗಿಸಿದವರ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ. ಮೆಕ್ಯಾನಿಕ್ ಆ ಬೆಸುಗೆಗೆ ಉಗುರು ಹಾಕಿದರೆ ತುಕ್ಕು ಉದುರುತ್ತದೆ. ಹೆಂಡತಿ ಮಗುವಿನ ಸೀಟನ್ನು ಹೊರಗೆಳೆದು ಎದೆಗವಚಿಕೊಳ್ಳುತ್ತಾರೆ.

ಅಂದು ಸಂಜೆಯವರೆಗೆ ಬೆರಳಕ್ಕ ಕೆಲಸ ಹೋಯಿತೆಂದೇ ಚೀಲ ಕಟ್ಟಿಕೊಂಡು ಕೂತಿದ್ದರು. ಮ್ಯಾನೇಜರ್ ಕರೆದು ಎರಡು ಮಾತು ಬೈದರು, ಬೈಯಬೇಕಾದ್ದೇ. ಟೈರು ಸಿಡಿದ ವಿಷಯವನ್ನೂ ಮುಚ್ಚಿಡದೆ ಹೇಳಿದ್ದಕ್ಕೆ ಇನ್ನೆರಡು ಬಿತ್ತು. ಆಮೇಲೆ ಹೇಳಿದರು: ಟೈರು ಇನ್ನು ಮೆಕ್ಯಾನಿಕ್ ನೋಡಲಿ, ಮೈ ನೀವು ನೋಡಿ, ಕದ್ದು ಬೇಡ, ಹಗಲಲ್ಲಿ.

ವಾರದ ನಂತರ ಅದೇ ಸಂಸಾರ ಇನ್ನೊಂದು ವ್ಯಾಗನ್ ನೋಡಲು ಬಂತು. ಸೆಡಾನಿನ ಪಕ್ಷ ಅಷ್ಟರಲ್ಲಿ ವಿಸರ್ಜನೆಯಾಗಿತ್ತು. ಗಾಲಿಕುರ್ಚಿಯ ತಾಯಿ ಮ್ಯಾನೇಜರರ ಮುಖವನ್ನೂ ನೋಡದೆ, “ಆ ಹೆಣ್ಮಗಳನ್ನ ಕರೀರಪ್ಪ, ಅವಳು ಮುದ್ದು ಮಾಡಿದ ಮೇಲೇ ನಾನು ಹತ್ತೋದು” ಎಂದರಂತೆ. ಬೆರಳಕ್ಕ ನಲವತ್ತು ನಿಮಿಷದ ಬದಲು ಎರಡು ಗಂಟೆ ತೆಗೆದುಕೊಂಡರು. ಒಂದು ಮೂಲೆಯನ್ನು ಹನ್ನೊಂದು ಸಲ ನೋಡಿದರು. ಅದು ಎಡಹಿಂದಿನದು.

ಭಯ ಹೋಯಿತೇ? ಇಲ್ಲ. ಪ್ರತಿದಿನ ಎದ್ದ ಕೂಡಲೇ ಅವರು ತಣ್ಣನೆಯ ಲೋಟವನ್ನು ಎರಡೂ ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಾರೆ. ಒಂದು ದಿನ ಅಲ್ಲೂ ಏನೂ ತಿಳಿಯದೆ ಹೋದರೆ? ದರ್ಜಿಯನ್ನು ಕೇಳಿದರೆ ಉತ್ತರ ಬೇರೆ: “ಕೆನ್ನೆ ಹೋದ್ರೆ ತುಟಿ ಇದೆಯಲ್ಲ ಬಿಡು. ಆದ್ರೆ ಆಗ ಮಾತ್ರ ನಾನು ಆ ಕಾರಿನ ಮೇಲೆ ಕೇಸು ಹಾಕ್ತೀನಿ.” ಬೆರಳಕ್ಕ ನಗುತ್ತಾರೆ, ನಗುತ್ತಲೇ ಲೋಟವನ್ನು ಇನ್ನೊಮ್ಮೆ ಒತ್ತಿ ನೋಡುತ್ತಾರೆ.

ಕಂಪನಿಯಿಂದ ಏನಾದರೂ ಬೇಕೇ ಎಂದು ಮ್ಯಾನೇಜರ್ ಕೇಳಿದಾಗ ಅವರು ಹೆಚ್ಚಿನ ಸಂಬಳ ಕೇಳಲಿಲ್ಲ, ಸಹಾಯಕರನ್ನು ಕೇಳಲಿಲ್ಲ.

“ಕಾರು ತೊಳೆದ ಮೇಲೆ ಒಂಚೂರು ಒರೆಸಿ ಕೊಡೋಕೆ ಹೇಳಿ ಸಾರ್. ಒದ್ದೆ ಇದ್ರೆ ಮೈಯೆಲ್ಲ ಒಂದೇ ತಣ್ಣಗೆ, ಜ್ವರ ಎಲ್ಲಿದೆ ಅಂತ ಕೆನ್ನೆಗೆ ಗೊತ್ತಾಗಲ್ಲ.”