ಗಿಣಿ ಓದದೆ ಬಿಟ್ಟ ಸಾಲು

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಅಂತಲೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ನೋಡಿ ತಿದ್ದುವ ಕೆಲಸ. ಯಾರಾದರೂ 'ಈ ಮೂಲಕ ತಮ್ಮೆಲ್ಲರಿಗೂ ತಿಳಿಯಪಡಿಸುವುದೇನೆಂದರೆ' ಎಂದು ಬರೆದು ತಂದರೋ, ಮುಗಿಯಿತು ಅವರ ಕಥೆ. "ಹೇಳೋದನ್ನ ಹೇಳಿ ಸ್ವಾಮಿ, ಪೀಠಿಕೆ ಯಾಕೆ?" ಎಂದು ಪೆನ್ಸಿಲ್ ಎತ್ತುವಳು. ಹಾಗಂತ ಗಿರಾಕಿಯನ್ನು ಕೇಳದೆ ಒಂದಕ್ಷರವನ್ನೂ ತೆಗೆದವಳಲ್ಲ.

ಜೊತೆಗಾತಿಯ ಅಡ್ಡಹೆಸರು ಗಿಣಿ. ಗಿರಾಕಿ ಬರೆದು ಕೊಟ್ಟ ಪ್ರತಿಯನ್ನು ದಿನವಿಡೀ ಗಟ್ಟಿಯಾಗಿ ಓದುವುದು ಗಿಣಿಯ ಪಾಲು. ಕೇಳುತ್ತಾ ಪ್ರೂಫಿನ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುವುದು ಅಕ್ಕನ ಪಾಲು. ಗಿಣಿ ಓದಿದಳೆಂದರೆ ಆಯಿತು, ಅಷ್ಟು ನಂಬಿಕೆ. ಅವಳನ್ನು ಕೆಲಸಕ್ಕೆ ಸೇರಿಸಿದವಳೂ ಅಕ್ಕನೇ, ಅವಳು ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಕೂತವಳೂ ಅಕ್ಕನೇ.

ಒಂದು ದಿನ ಫಿನಾಯಿಲ್ ಡಬ್ಬಿಯ ಲೇಬಲ್ ಬಂತು. ಗಿಣಿಗೆ ಅವತ್ತು ನಾದಿನಿಯ ಮೇಲೆ ಎಲ್ಲಿಲ್ಲದ ಸಿಟ್ಟು. ಅವಳನ್ನು ಬೈಯುತ್ತಾ, ನಡುನಡುವೆ ಓದುತ್ತಾ ಹೋದಳು. 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬ ಸಾಲು ಕಂಪೋಸ್ ಮಾಡುವವನ ಕೈಯಲ್ಲೇ ಬಿಟ್ಟುಹೋಗಿತ್ತು. ಗಿಣಿಯೂ ಓದುವಾಗ ಅದನ್ನು ಹಾರಿಸಿಬಿಟ್ಟಳು. ಅಚ್ಚಾಗಿ ಹೋದ ಲೇಬಲ್ಲೆಲ್ಲ ಗಾಡಿ ತುಂಬಿಕೊಂಡು ವಾಪಸು ಬಂತು.

ಯಜಮಾನರು ಇಬ್ಬರನ್ನೂ ಒಳಗೆ ಕರೆದರು. "ಆ ಸಾಲು ಎಲ್ಲಿ ಹೋಯ್ತು? ನಿಮ್ಮಲ್ಲಿ ಒಬ್ಬರನ್ನಂತೂ ಇವತ್ತೇ ಮನೆಗೆ ಕಳಿಸ್ತೀನಿ."

ಗಿಣಿ ನಿಜ ಹೇಳುತ್ತಾಳೆ, ತಾನೂ ಜೊತೆಗೆ ನಿಂತು ಬೈಸಿಕೊಂಡರಾಯಿತು, ಹೇಗಾದರೂ ಅವಳ ಕೆಲಸ ಉಳಿಸಬೇಕು ಎಂದು ಅಕ್ಕ ಲೆಕ್ಕ ಹಾಕುತ್ತಿದ್ದಳು.

"ನಾನು ಓದಿದ್ದೆ ಸಾರ್," ಎಂದಳು ಗಿಣಿ, ನೆಲ ನೋಡುತ್ತಾ. "ಅಕ್ಕನೇ ಅದು ಬೇಡ ಬಿಡು ಅಂದ್ಲು. ಉದ್ದ ಆದ್ರೆ ಅವಳಿಗಾಗಲ್ಲ, ನಿಮಗೇ ಗೊತ್ತಲ್ಲ."

ಅಯ್ಯೋ ಪುಣ್ಯಾತ್ಗಿತ್ತಿ! ಎಂಥಾ ಅಚ್ಚುಕಟ್ಟಾದ ಸುಳ್ಳು! ಕತ್ತರಿ ಎಂಬ ಹೆಸರು ಹೊತ್ತವಳ ಮೇಲೆ ಅದು ಎಷ್ಟು ಚೆನ್ನಾಗಿ ಕೂತಿತೆಂದರೆ, "ಇಲ್ಲ ಸಾರ್, ಅವಳು ಓದಲೇ ಇಲ್ಲ" ಎಂದು ಅಕ್ಕ ಬಡಕೊಂಡರೂ ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತೇ ಮನೆಗೆ ಹೋಗು ಎಂದು ಅಕ್ಕನಿಗೆ ಹೇಳಿಬಿಟ್ಟರು.

ಅಕ್ಕ ತನ್ನ ಕನ್ನಡಕ, ಲೋಟ ಚೀಲಕ್ಕೆ ತುಂಬುತ್ತಿದ್ದಾಗ ಗಿಣಿ ಹತ್ತಿರ ಬಂದಳು. ಕೈಯಲ್ಲಿ ಅದೇ ಲೇಬಲ್ಲಿನ ಹೊಸ ಪ್ರೂಫ್.

"ಅಕ್ಕಾ, ಸಿಟ್ಟು ಮಾಡ್ಕೋಬೇಡ. ಕೆಲಸ ಹೋದ್ರೆ ನನ್ನ ಮಕ್ಕಳ ಗತಿ ಏನು? ಹೋಗೋ ಮುಂಚೆ ಇದೊಂದು ನೋಡಿಕೊಡು. ನಾನು ಓದ್ತೀನಿ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಪ್ರೂಫ್ ಮುಟ್ಟಲಿಲ್ಲ.

"ಇಷ್ಟು ವರ್ಷ ನೀನು ಓದಿದ್ದನ್ನೆಲ್ಲ ಕಣ್ಮುಚ್ಚಿ ನಂಬಿದೆ ಕಣೇ," ಎಂದಳು. "ಇನ್ಮೇಲೆ ನೀನು 'ಅಕ್ಕಾ' ಅಂತ ಕರೆದ್ರೂ ನಂಬಲ್ಲ."