ಎಣಿಕೆಗೆ ಸಿಗದ ಐದನೆಯವಳು

ಎಪ್ಪತ್ತನಾಲ್ಕರಲ್ಲಿ, ಆಗ ನಮ್ಮನ್ನಾಳುತ್ತಿದ್ದ ಸ್ಪೇನಿನವರು ಪಶ್ಚಿಮ ಸಹಾರಾದಲ್ಲಿ ತಲೆ ಎಣಿಸಲು ಬಂದಾಗ ಸುಯೆಲ್ಮಾಗೆ ಆರು ವರ್ಷ. ಮಕ್ಕಳನ್ನು ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆಂದು ನಮ್ಮ ಮರಳುಗಾಡಿನ ತಾಯಂದಿರು ಇವತ್ತಿಗೂ ನಂಬುತ್ತಾರೆ. ತಾಯಿ ಎಂಬರ್ಕಾ ಈ ಕಿರಿಮಗಳನ್ನು ಒಂಟೆಯ ಜೀನಿನ ಹಿಂದೆ ಬಚ್ಚಿಟ್ಟು, ತನಗೆ ನಾಲ್ಕೇ ಮಕ್ಕಳು ಎಂದಳು. ದುಭಾಷಿಯಾಗಿ ಬಂದಿದ್ದ ದೈದಾ ಅವಳ ಕುಲದವನೇ. ಗುಡಾರದಲ್ಲಿ ಕೂತು ಮೂರು ಲೋಟ ಚಹಾ ಕುಡಿದು, ನಾಲ್ಕೆಂದೇ ಬರೆಸಿ ಹೋದ.

ಮರುವರ್ಷ ಸ್ಪೇನಿನವರು ಗಂಟುಮೂಟೆ ಕಟ್ಟತೊಡಗಿದರು. ಈ ನೆಲದ ಹಣೆಬರಹವನ್ನು ಇಲ್ಲಿನ ಜನರೇ ತೀರ್ಮಾನಿಸಬೇಕೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ತಿಂಗಳು ತುಂಬುವುದರೊಳಗೆ ನೆರೆಯ ಮೊರಾಕ್ಕೊ ಒಳನುಗ್ಗಿತು. ನ್ಯಾಯಾಲಯದ ಮಾತು ನಮ್ಮ ಪರವಾಗಿತ್ತು, ಬಾಂಬು ಬಿದ್ದದ್ದೂ ನಮ್ಮ ಮೇಲೆಯೇ. ಓಡಿಬರುವ ದಾರಿಯಲ್ಲಿ ಎಂಬರ್ಕಾ ಸತ್ತಳು. ಮಕ್ಕಳು ಅಲ್ಜೀರಿಯಾದ ಶಿಬಿರ ಸೇರಿದರು.

ಹದಿನಾರು ವರ್ಷ ಹೊಡೆದಾಡಿದ ಮೇಲೆ ಕದನವಿರಾಮವಾಯಿತು. ಸ್ವತಂತ್ರವಾಗಿರುತ್ತೀರೋ, ಮೊರಾಕ್ಕೊ ಸೇರುತ್ತೀರೋ, ಓಟು ಹಾಕಿ ಹೇಳಿ ಎಂದರು ವಿಶ್ವಸಂಸ್ಥೆಯ ದೊಡ್ಡವರು. ಓಟು ಯಾರಿಗೆ? ಸ್ಪೇನಿನವರ ಆ ಹಳೇ ತಲೆ ಎಣಿಕೆಯ ಪುಸ್ತಕದಲ್ಲಿ ಇರುವವರಿಗೆ ಮತ್ತು ಅವರ ಮಕ್ಕಳಿಗೆ. ಪುಸ್ತಕದಲ್ಲಿ ಇಲ್ಲದವರಿಗೆ ಕುಲದ ಇಬ್ಬರು ಹಿರಿಯರು, ಈ ಶಿಬಿರದ ಕಡೆಯವನೊಬ್ಬ, ಆ ಮೊರಾಕ್ಕೊ ಕಡೆಯವನೊಬ್ಬ, ಸಾಕ್ಷಿ ಹೇಳಬೇಕಿತ್ತು. ತಾಯಿಯ ಮಗಳೆಂದು ಒಮ್ಮೆಯಾದರೂ ಬರೆಸಿಕೊಳ್ಳಬೇಕೆಂಬ ಹಟ ಸುಯೆಲ್ಮಾಗೆ.

ಈ ಕಡೆಯ ಹಿರಿಯ ಕೂಡಲೇ ಹೌದೆಂದ. ಆ ಕಡೆಯಿಂದ ವಿಮಾನದಲ್ಲಿ ಬಂದು ಕೂತಿದ್ದವನು ಅದೇ ದೈದಾ.

"ಎಂಬರ್ಕಾ ನನ್ನೆದುರಿಗೇ ನಾಲ್ಕು ಅಂದ್ಲು," ಎಂದ.

"ಮಾವ, ನಾನು ಜೀನಿನ ಹಿಂದೇನೇ ಇದ್ದೆ. ಚಹಾ ನೆತ್ತಿಗೇರಿ ನೀವು ಕೆಮ್ಮಿದ್ದೂ ನೆನಪಿದೆ."

ಮುದುಕ ತಲೆ ಎತ್ತಲಿಲ್ಲ. "ಕಂಡಿದ್ದಕ್ಕೆ ಸಾಕ್ಷಿ ಹೇಳ್ತೀನಮ್ಮ. ಕಾಣದೇ ಇದ್ದಿದ್ದಕ್ಕೆ ಹೇಗೆ ಹೇಳ್ಲಿ?"

ಅದು ಪ್ರಾಮಾಣಿಕತೆಯೋ, ಕರೆತಂದವರ ಹೆದರಿಕೆಯೋ, ದೇವರಿಗೇ ಗೊತ್ತು. ಇವಳು ನಮ್ಮ ತಂಗಿಯೇ ಎಂದು ಅಣ್ಣ ಹೇಳಿದ್ದನ್ನು ಮನೆಯವರ ಮಾತೆಂದು ತಳ್ಳಿಹಾಕಿದರು. ಅವಳು ಮೇಲ್ಮನವಿ ಬರೆದಳು. ಅಂಥವು ಲಕ್ಷ ದಾಟಿದವು. ಉತ್ತರ ಬರಲಿಲ್ಲ, ಓಟೂ ನಡೆಯಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಮೋಸ ಹೋದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡಣ್ಣ ಯುದ್ಧದಲ್ಲಿ ಹೋಗಿದ್ದ. ಅಕ್ಕ ಹೆರಿಗೆಯಲ್ಲಿ ಹೋದಳು, ಎರಡನೆಯವನು ಸಕ್ಕರೆ ಕಾಯಿಲೆಯಲ್ಲಿ. ಕೊನೆಯ ಅಣ್ಣನನ್ನು ಹೋದ ವಾರ ಶಿಬಿರದಾಚೆ ಮಣ್ಣು ಮಾಡಿ ಬಂದರು. ಅವನ ಓಟಿನ ಚೀಟಿ ಪ್ಲಾಸ್ಟಿಕ್ ಹಾಳೆಯೊಳಗೆ ಗರಿ ಮುರಿಯದೆ ಉಳಿದಿತ್ತು. ಅತ್ತಿಗೆ ಅದನ್ನು ತಂದು ಸುಯೆಲ್ಮಾಳ ಕೈಗಿಟ್ಟಳು.

ಸುಯೆಲ್ಮಾ ಹಾಳೆಯ ಮೇಲಿನ ಮರಳನ್ನು ಸೆರಗಿನಿಂದ ಒರೆಸಿದಳು.

"ಅಮ್ಮನ್ನ ಎಷ್ಟು ಬೈದಿದ್ದೆ ಅತ್ತಿಗೆ. ಅವಳು ಹೆದರಿದ್ದೇ ಸರಿ. ಎಣಿಸಿಕೊಂಡ ನಾಲ್ಕು ಜನಾನೂ ಕಾದು ಕಾದು ಮಣ್ಣಾದ್ರು. ಬಚ್ಚಿಟ್ಟವಳೊಬ್ಬಳು ಉಳಿದಿದೀನಿ, ನನಗೆ ಓಟಿಲ್ಲ."

ಅತ್ತಿಗೆ ಚಹಾಕ್ಕೆ ನೀರಿಟ್ಟಳು.